ವಿಶ್ವವಿದ್ಯಾಲಯದ ಆಡಳಿತಾಧಿಕಾರಿಗಳು: ನೇಮಕಾತಿ, ವೃತ್ತಿಪಥ ಮತ್ತು ಹೊಣೆಗಾರಿಕೆ
(ಕೊಡಗು ಜಿಲ್ಲೆಯ ಅರ್ಜಿದಾರರ ಮಾಹಿತಿಗಾಗಿ)

ಪದವಿ ಪ್ರಮಾಣಪತ್ರ, ಅಂಕಪಟ್ಟಿಯ ದ್ವಿಪ್ರತಿ, ವಲಸೆ ಪ್ರಮಾಣಪತ್ರ, ಮರುಮೌಲ್ಯಮಾಪನ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವವರು ಮೊದಲು ತಿಳಿದುಕೊಳ್ಳಬೇಕಾದ ವಿಷಯಗಳು ಎರಡು. ಒಂದು, ತಮ್ಮ ದಾಖಲೆ ಯಾವ ವಿಶ್ವವಿದ್ಯಾಲಯದಲ್ಲಿದೆ ಎಂಬುದು. ಇನ್ನೊಂದು, ಆ ವಿಶ್ವವಿದ್ಯಾಲಯದಲ್ಲಿ ಯಾವ ಅಧಿಕಾರಿ ಅದಕ್ಕೆ ಹೊಣೆಗಾರರು ಎಂಬುದು. ಇವೆರಡೂ ತಿಳಿಯದೆ ಸಲ್ಲಿಸಿದ ಅರ್ಜಿಗಳು ಕಚೇರಿಯಿಂದ ಕಚೇರಿಗೆ ವರ್ಗಾವಣೆಯಾಗುತ್ತಾ ಹೋಗಿ, ಉದ್ಯೋಗ ಅಥವಾ ಉನ್ನತ ವ್ಯಾಸಂಗದ ಕೊನೆಯ ದಿನಾಂಕ ಮೀರುವ ಸಂಭವವಿರುತ್ತದೆ. ಈ ಪುಟದಲ್ಲಿ ವಿಶ್ವವಿದ್ಯಾಲಯದ ಪ್ರಮುಖ ಹುದ್ದೆಗಳು, ಆ ಹುದ್ದೆಗಳಿಗೆ ಬರುವ ಬಗೆ ಮತ್ತು ಪ್ರತಿ ಹುದ್ದೆಯ ಕರ್ತವ್ಯಗಳನ್ನು ವಿವರಿಸಲಾಗಿದೆ.

1. ಕೊಡಗು ಜಿಲ್ಲೆ ಮತ್ತು ವಿಶ್ವವಿದ್ಯಾಲಯಗಳು

ಕೊಡಗಿನ ಪದವಿ ಕಾಲೇಜುಗಳು ಕಾಲಕಾಲಕ್ಕೆ ಬೇರೆ ಬೇರೆ ವಿಶ್ವವಿದ್ಯಾಲಯಗಳ ವ್ಯಾಪ್ತಿಯಲ್ಲಿದ್ದವು. 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವುದಕ್ಕೆ ಮೊದಲು ಜಿಲ್ಲೆಯು ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ನಂತರ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಆ ಅವಧಿಯಲ್ಲಿ ಅಂಕಪಟ್ಟಿಯಲ್ಲಿನ ಒಂದು ಅಕ್ಷರದ ತಿದ್ದುಪಡಿಗೂ ಅರ್ಜಿದಾರರು ಸಂಪಾಜೆ ಘಾಟಿಯನ್ನು ಇಳಿದು, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮಂಗಳಗಂಗೋತ್ರಿಗೆ ಹೋಗಬೇಕಾಗುತ್ತಿತ್ತು. 2018ರ ಆಗಸ್ಟ್‌ನ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆ ಕಡಿತಗೊಂಡಾಗ ಈ ದೂರದ ಕಷ್ಟ ಇನ್ನಷ್ಟು ಹೆಚ್ಚಿತು.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ಕ್ಕೆ 2022ರಲ್ಲಿ ತಿದ್ದುಪಡಿ ತಂದು ಚಾಮರಾಜನಗರ, ಹಾಸನ, ಹಾವೇರಿ, ಬಾಗಲಕೋಟೆ, ಕೊಪ್ಪಳ ಮತ್ತು ಬೀದರ್ ವಿಶ್ವವಿದ್ಯಾಲಯಗಳ ಜೊತೆಗೆ ಕೊಡಗು ವಿಶ್ವವಿದ್ಯಾಲಯವನ್ನೂ ರಚಿಸಲಾಯಿತು. ಇವು 2023ರ ಮಾರ್ಚ್ 28ರಂದು ಉದ್ಘಾಟನೆಗೊಂಡವು. ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ, ಕುಶಾಲನಗರ ಸಮೀಪದ ಚಿಕ್ಕ ಅಳುವಾರದ ‘ಜ್ಞಾನ ಕಾವೇರಿ’ ಆವರಣವು ಕೊಡಗು ವಿಶ್ವವಿದ್ಯಾಲಯದ ಕೇಂದ್ರಸ್ಥಾನವಾಯಿತು. ಪ್ರೊ. ಅಶೋಕ ಸಂಗಪ್ಪ ಆಲೂರ ಅವರು ಪ್ರಥಮ ಕುಲಪತಿಗಳಾಗಿ ನೇಮಕಗೊಂಡರು.

2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಆರ್ಥಿಕ ಕಾರಣಗಳಿಂದ ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಂದುವರಿಸದಿರುವ ಬಗ್ಗೆ ಅಭಿಪ್ರಾಯ ವ್ಯಕ್ತಪಡಿಸಿತು. ಆ ಪಟ್ಟಿಯಲ್ಲಿ ಕೊಡಗು ವಿಶ್ವವಿದ್ಯಾಲಯವೂ ಇತ್ತು. ಇದರಿಂದ ವಿದ್ಯಾರ್ಥಿಗಳಲ್ಲಿ ಮತ್ತು ಪೋಷಕರಲ್ಲಿ ಆತಂಕ ಉಂಟಾಗಿದ್ದು ಸಹಜ. ಈ ಸಂಬಂಧ ತಿಳಿದಿರಬೇಕಾದ ಸಂಗತಿಯೆಂದರೆ, ಶಾಸನದ ಮೂಲಕ ಸ್ಥಾಪಿತವಾದ ವಿಶ್ವವಿದ್ಯಾಲಯವನ್ನು ಶಾಸನದ ಮೂಲಕವೇ ವಿಲೀನಗೊಳಿಸಬೇಕಾಗುತ್ತದೆ. ಸಮಿತಿಯ ಅಭಿಪ್ರಾಯ ಮಾತ್ರದಿಂದ ಅದು ಆಗುವುದಿಲ್ಲ. ವಿಶ್ವವಿದ್ಯಾಲಯವು ಅಸ್ತಿತ್ವದಲ್ಲಿದ್ದಾಗ ಕಾನೂನುಬದ್ಧವಾಗಿ ನೀಡಿದ ಪದವಿಯು ಆಡಳಿತ ವ್ಯಾಪ್ತಿ ಬದಲಾದ ಮಾತ್ರಕ್ಕೆ ಬೆಲೆ ಕಳೆದುಕೊಳ್ಳುವುದಿಲ್ಲ. 1980ಕ್ಕೆ ಮೊದಲು ಮೈಸೂರು ವಿಶ್ವವಿದ್ಯಾಲಯದಿಂದ ಪದವಿ ಪಡೆದ ಕೊಡಗಿನವರ ಪ್ರಮಾಣಪತ್ರಗಳೇ ಇದಕ್ಕೆ ನಿದರ್ಶನ.

2. ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಸಲ್ಲಿಸಬೇಕು?

ಕಾಲೇಜು ಇಂದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬುದು ಮುಖ್ಯವಲ್ಲ. ಅರ್ಜಿದಾರರ ಅಂಕಪಟ್ಟಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಮತ್ತು ನೋಂದಣಿ ಸಂಖ್ಯೆ ಇದೆಯೋ ಆ ವಿಶ್ವವಿದ್ಯಾಲಯಕ್ಕೇ ಅರ್ಜಿ ಸಲ್ಲಿಸತಕ್ಕದ್ದು. ಉದಾಹರಣೆಗೆ, 1949ರಲ್ಲಿ ಆರಂಭವಾದ ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜಿನಲ್ಲಿ 1975ರಲ್ಲಿ ಪದವಿ ಮುಗಿಸಿದವರು ಮೈಸೂರಿಗೂ, 1995ರಲ್ಲಿ ಮುಗಿಸಿದವರು ಮಂಗಳೂರಿಗೂ ಅರ್ಜಿ ಸಲ್ಲಿಸಬೇಕಾಗುತ್ತದೆ.

ವೃತ್ತಿಪರ ಶಿಕ್ಷಣಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯಗಳಿವೆ.

(ಅ) ಎಂಜಿನಿಯರಿಂಗ್: ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಮತ್ತು ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಸಂಬಂಧಿಸಿದಂತೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ.

(ಆ) ವೈದ್ಯಕೀಯ: ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸಂಬಂಧಿಸಿದಂತೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

(ಇ) ಅರಣ್ಯಶಾಸ್ತ್ರ: ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವು 1995ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಧೀನದಲ್ಲಿ ಆರಂಭವಾಗಿ, ನಂತರ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿತು. ಇಲ್ಲಿಯೂ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಅನುಸರಿಸುವುದು.

ಈ ವಿಶ್ವವಿದ್ಯಾಲಯಗಳು ತಮ್ಮದೇ ಪ್ರತ್ಯೇಕ ಅಧಿನಿಯಮಗಳಿಗೆ ಒಳಪಟ್ಟಿವೆ. ಕೆಳಗಿನ ವಿವರಗಳು ಮುಖ್ಯವಾಗಿ 2000ದ ಅಧಿನಿಯಮದ ವ್ಯಾಪ್ತಿಯ ವಿಶ್ವವಿದ್ಯಾಲಯಗಳಿಗೆ, ಅಂದರೆ ಮೈಸೂರು, ಮಂಗಳೂರು ಮತ್ತು ಕೊಡಗು ವಿಶ್ವವಿದ್ಯಾಲಯಗಳಂತಹವುಗಳಿಗೆ ಅನ್ವಯಿಸುತ್ತವೆ.

3. ಪ್ರಮುಖ ಅಧಿಕಾರಿಗಳು ಮತ್ತು ಅವರ ಕರ್ತವ್ಯಗಳು

ಕುಲಾಧಿಪತಿಗಳು: ರಾಜ್ಯಪಾಲರು ತಮ್ಮ ಹುದ್ದೆಯ ನಿಮಿತ್ತ ಕುಲಾಧಿಪತಿಗಳಾಗಿರುತ್ತಾರೆ. ಘಟಿಕೋತ್ಸವದ ಅಧ್ಯಕ್ಷತೆ ವಹಿಸುವುದು ಮತ್ತು ಕುಲಪತಿಗಳನ್ನು ನೇಮಿಸುವುದು ಇವರ ಅಧಿಕಾರಗಳಲ್ಲಿ ಪ್ರಮುಖವಾದವು. ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿಗಳಾಗಿರುತ್ತಾರೆ.

ಕುಲಪತಿಗಳು: ವಿಶ್ವವಿದ್ಯಾಲಯದ ಪ್ರಧಾನ ಶೈಕ್ಷಣಿಕ ಹಾಗೂ ಕಾರ್ಯನಿರ್ವಾಹಕ ಅಧಿಕಾರಿ. ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತಿನ ಸಭೆಗಳ ಅಧ್ಯಕ್ಷತೆ ವಹಿಸುತ್ತಾರೆ. ತುರ್ತು ಸಂದರ್ಭದಲ್ಲಿ ಸಂಬಂಧಿಸಿದ ಪ್ರಾಧಿಕಾರದ ಪರವಾಗಿ ಕ್ರಮ ಕೈಗೊಂಡು ಅದನ್ನು ಆ ಪ್ರಾಧಿಕಾರಕ್ಕೆ ವರದಿ ಮಾಡುವ ಅಧಿಕಾರವೂ ಇವರಿಗಿದೆ. ಪದವಿ ಪ್ರಮಾಣಪತ್ರಕ್ಕೆ ಕುಲಪತಿಗಳ ಸಹಿ ಇರುತ್ತದೆ. ಹುದ್ದೆ ತೆರವಾದಾಗ ಸಾಮಾನ್ಯವಾಗಿ ಡೀನರೊಬ್ಬರನ್ನು ಪ್ರಭಾರ ಕುಲಪತಿಯಾಗಿ ನೇಮಿಸಲಾಗುತ್ತದೆ. ಪ್ರಭಾರದಲ್ಲಿರುವವರ ಸಹಿಯೂ ಕಾನೂನಿನ ದೃಷ್ಟಿಯಲ್ಲಿ ಸಮಾನವಾಗಿ ಮಾನ್ಯವಾಗಿರುತ್ತದೆ.

ಕುಲಸಚಿವರು (ಆಡಳಿತ): ವಿಶ್ವವಿದ್ಯಾಲಯದ ದಾಖಲೆಗಳು ಮತ್ತು ಮೊಹರಿನ ಪಾಲಕರು. ಸಿಬ್ಬಂದಿ ವಿಷಯ, ಕಾಲೇಜುಗಳ ಸಂಯೋಜನೆ, ಪತ್ರವ್ಯವಹಾರ ಹಾಗೂ ನ್ಯಾಯಾಲಯದ ವ್ಯಾಜ್ಯಗಳು ಇವರ ಹೊಣೆ. ರಾಜ್ಯ ಸರ್ಕಾರವು ಇವರನ್ನು ನೇಮಿಸುತ್ತದೆ.

ಕುಲಸಚಿವರು (ಮೌಲ್ಯಮಾಪನ): ಅರ್ಜಿದಾರರಿಗೆ ಅತ್ಯಂತ ಹತ್ತಿರದ ಅಧಿಕಾರಿ ಇವರೇ. ಪರೀಕ್ಷೆ, ಮೌಲ್ಯಮಾಪನ, ಫಲಿತಾಂಶ, ಅಂಕಪಟ್ಟಿ, ಮರುಎಣಿಕೆ, ಮರುಮೌಲ್ಯಮಾಪನ, ಪದವಿಯ ನೈಜತೆಯ ಪರಿಶೀಲನೆ ಇವೆಲ್ಲವೂ ಪರೀಕ್ಷಾಂಗ ವಿಭಾಗದ ಮೂಲಕ ಇವರ ಅಧೀನದಲ್ಲಿ ನಡೆಯುತ್ತವೆ. ಈ ವಿಷಯಗಳ ಅರ್ಜಿಯನ್ನು ಕುಲಪತಿಗಳ ಹೆಸರಿಗೆ ಬರೆದರೆ ಅದು ಅಂತಿಮವಾಗಿ ಇಲ್ಲಿಗೇ ಬರುತ್ತದೆ. ಆದ್ದರಿಂದ ನೇರವಾಗಿ ಇಲ್ಲಿಗೇ ಬರೆಯುವುದು ಸೂಕ್ತ.

ಹಣಕಾಸು ಅಧಿಕಾರಿಗಳು: ಆಯವ್ಯಯ, ಲೆಕ್ಕಪತ್ರ, ಶುಲ್ಕ ಸ್ವೀಕೃತಿ ಹಾಗೂ ಹಿಂಪಾವತಿ. ಶುಲ್ಕ ಪಾವತಿಯಾಗಿಯೂ ದಾಖಲಾಗದಿದ್ದಲ್ಲಿ ಚಲನ್ ಅಥವಾ ಆನ್‌ಲೈನ್ ಪಾವತಿಯ ರಸೀದಿಯೊಂದಿಗೆ ಈ ವಿಭಾಗವನ್ನು ಸಂಪರ್ಕಿಸುವುದು.

ಡೀನರು ಮತ್ತು ಅಧ್ಯಯನ ಮಂಡಳಿಗಳು: ಕಲೆ, ವಿಜ್ಞಾನ, ವಾಣಿಜ್ಯ ಮುಂತಾದ ನಿಕಾಯಗಳಿಗೆ ಡೀನರು ಮುಖ್ಯಸ್ಥರು. ಪಠ್ಯಕ್ರಮವನ್ನು ಅಧ್ಯಯನ ಮಂಡಳಿಗಳು ರೂಪಿಸುತ್ತವೆ, ವಿದ್ಯಾವಿಷಯಕ ಪರಿಷತ್ತು ಅನುಮೋದಿಸುತ್ತದೆ.

ಪ್ರಾಂಶುಪಾಲರು: ಘಟಕ ಕಾಲೇಜು ವಿಶ್ವವಿದ್ಯಾಲಯದ್ದೇ ಅಂಗ. ಸಂಯೋಜಿತ ಕಾಲೇಜಿನ ಆಡಳಿತವನ್ನು ಸರ್ಕಾರ ಅಥವಾ ಖಾಸಗಿ ಆಡಳಿತ ಮಂಡಳಿ ನೋಡಿಕೊಳ್ಳುತ್ತದೆ. ಎರಡರಲ್ಲಿಯೂ ವಿದ್ಯಾರ್ಥಿಯ ಪ್ರವೇಶ, ಹಾಜರಾತಿ ಹಾಗೂ ಆಂತರಿಕ ಅಂಕಗಳಿಗೆ ಪ್ರಾಂಶುಪಾಲರೇ ಹೊಣೆ. ಆಂತರಿಕ ಅಂಕ ಅಪ್‌ಲೋಡ್ ಆಗದೆ ಫಲಿತಾಂಶ ತಡೆಹಿಡಿಯಲ್ಪಟ್ಟಲ್ಲಿ ಮೊದಲು ಕಾಲೇಜಿನಲ್ಲಿ ವಿಚಾರಿಸುವುದು.

4. ಈ ಹುದ್ದೆಗಳಿಗೆ ಬರುವ ಬಗೆ

ವಿಶ್ವವಿದ್ಯಾಲಯದ ಉನ್ನತ ಹುದ್ದೆಗಳಿಗೆ ಬಹುಪಾಲು ಬೋಧಕ ವೃತ್ತಿಯಿಂದಲೇ ಬರಲಾಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ನಿಗದಿಪಡಿಸಿದ ಮುಖ್ಯ ಅರ್ಹತೆಗಳು ಹೀಗಿವೆ:

ಸಹಾಯಕ ಪ್ರಾಧ್ಯಾಪಕ: ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ (ಮೀಸಲು ವರ್ಗಗಳಿಗೆ ರಿಯಾಯಿತಿ ಇದೆ) ಮತ್ತು ನೆಟ್ ಅಥವಾ ಸೆಟ್ ತೇರ್ಗಡೆ. ನಿಯಮಾನುಸಾರ ಪಡೆದ ಪಿಎಚ್.ಡಿ. ಇದ್ದವರಿಗೆ ವಿನಾಯಿತಿ. ಏಳನೇ ವೇತನ ಆಯೋಗದ ನಂತರದ ಯುಜಿಸಿ ಶ್ರೇಣಿಯಲ್ಲಿ ಆರಂಭಿಕ ಮೂಲವೇತನ ರೂ. 57,700.

ಸಹ ಪ್ರಾಧ್ಯಾಪಕ (ನೇರ ನೇಮಕಾತಿ): ಪಿಎಚ್.ಡಿ., 8 ವರ್ಷಗಳ ಅನುಭವ, ಕನಿಷ್ಠ 7 ಸಂಶೋಧನಾ ಪ್ರಕಟಣೆಗಳು. ಆರಂಭಿಕ ಮೂಲವೇತನ ರೂ. 1,31,400.

ಪ್ರಾಧ್ಯಾಪಕ: ಪಿಎಚ್.ಡಿ., 10 ವರ್ಷಗಳ ಅನುಭವ, ಕನಿಷ್ಠ 10 ಪ್ರಕಟಣೆಗಳು. ಆರಂಭಿಕ ಮೂಲವೇತನ ರೂ. 1,44,200.

ಪ್ರಾಂಶುಪಾಲ: ಪಿಎಚ್.ಡಿ. ಹಾಗೂ ಒಟ್ಟು 15 ವರ್ಷಗಳ ಬೋಧನಾ ಅಥವಾ ಸಂಶೋಧನಾ ಅನುಭವ ಇರುವ ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕ. ಅವಧಿ 5 ವರ್ಷ.

ಕುಲಪತಿ: ಪ್ರಾಧ್ಯಾಪಕರಾಗಿ ಕನಿಷ್ಠ 10 ವರ್ಷ ಅಥವಾ ಪ್ರತಿಷ್ಠಿತ ಸಂಶೋಧನಾ/ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ 10 ವರ್ಷಗಳ ಅನುಭವ ಮತ್ತು ಶೈಕ್ಷಣಿಕ ನಾಯಕತ್ವದ ಪುರಾವೆ. ಈ ಅರ್ಹತೆಯನ್ನು ಉದ್ಯಮ ಮತ್ತು ಸಾರ್ವಜನಿಕ ಆಡಳಿತ ಕ್ಷೇತ್ರದವರಿಗೂ ವಿಸ್ತರಿಸುವ ಕರಡು ನಿಯಮಾವಳಿಯನ್ನು ಆಯೋಗವು 2025ರ ಜನವರಿಯಲ್ಲಿ ಪ್ರಕಟಿಸಿತು.

ರಾಜ್ಯ ಅಧಿನಿಯಮದಂತೆ ಕುಲಪತಿಗಳ ಆಯ್ಕೆಗೆ ಶೋಧನಾ ಸಮಿತಿ ರಚಿಸಲಾಗುತ್ತದೆ. ಇದರಲ್ಲಿ ಕುಲಾಧಿಪತಿಗಳು, ಯುಜಿಸಿ, ರಾಜ್ಯ ಸರ್ಕಾರ ಮತ್ತು ಸಿಂಡಿಕೇಟ್‌ನಿಂದ ತಲಾ ಒಬ್ಬರು ನಾಮನಿರ್ದೇಶಿತರಿರುತ್ತಾರೆ. ಸಮಿತಿಯು ಶಿಫಾರಸು ಮಾಡಿದ ಹೆಸರುಗಳಿಂದ ಒಬ್ಬರನ್ನು ರಾಜ್ಯ ಸರ್ಕಾರದ ಸಹಮತಿಯೊಂದಿಗೆ ಕುಲಾಧಿಪತಿಗಳು ನೇಮಿಸುತ್ತಾರೆ. ಅವಧಿ ನಾಲ್ಕು ವರ್ಷ. ಹೆಸರುಗಳ ಪಟ್ಟಿ ಇರಲೇಬೇಕೆಂಬುದು ಕೇವಲ ಔಪಚಾರಿಕತೆಯಲ್ಲ. ಒಂದೇ ಹೆಸರನ್ನು ಶಿಫಾರಸು ಮಾಡಲಾಗಿದ್ದ ಕಾರಣಕ್ಕೆ ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದ ಕುಲಪತಿ ನೇಮಕಾತಿಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ಅಕ್ಟೋಬರ್‌ನಲ್ಲಿ ರದ್ದುಪಡಿಸಿತು.

ಬೋಧಕ ವೃತ್ತಿಯಿಂದ ಆಡಳಿತಕ್ಕೆ ಬಂದವರ ಪರಂಪರೆ ನಾಡಿನಲ್ಲಿ ಹಳೆಯದು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1920ರ ದಶಕದ ಉತ್ತರಾರ್ಧದಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಸಚಿವರಾಗಿದ್ದರು. ಕುವೆಂಪು ಅವರು 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಉಪನ್ಯಾಸಕರಾಗಿ ಸೇರಿ, ಅದೇ ಕಾಲೇಜಿನ ಪ್ರಾಂಶುಪಾಲರಾಗಿ, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಮೈಸೂರಿನಲ್ಲಿ ಇತಿಹಾಸ ಪ್ರಾಧ್ಯಾಪಕರಾಗಿದ್ದ ಬಿ. ಷೇಕ್ ಅಲಿ ಅವರು ಮಂಗಳೂರು ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾಗಿ, ಅನಂತರ ಗೋವಾ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾಗಿ ಸೇವೆ ಸಲ್ಲಿಸಿದರು.

ಬೋಧಕೇತರ ವೃಂದದ ಪಥ ಬೇರೆ. ದ್ವಿತೀಯ ದರ್ಜೆ ಸಹಾಯಕ, ಪ್ರಥಮ ದರ್ಜೆ ಸಹಾಯಕ, ಅಧೀಕ್ಷಕ, ಸಹಾಯಕ ಕುಲಸಚಿವ, ಉಪ ಕುಲಸಚಿವ ಎಂಬ ಕ್ರಮದಲ್ಲಿ ಸೇವಾನಿಯಮದಂತೆ ಪದೋನ್ನತಿ ದೊರೆಯುತ್ತದೆ. ಅರ್ಜಿದಾರರ ಕಡತ ದಿನನಿತ್ಯ ಸಾಗುವುದು ಈ ವೃಂದದವರ ಮೇಜುಗಳ ಮೂಲಕವೇ. ಹೊಸ ವಿಶ್ವವಿದ್ಯಾಲಯಗಳಲ್ಲಿ ಸಿಬ್ಬಂದಿ ಸಂಖ್ಯೆ ಸೀಮಿತವಾಗಿರುವುದರಿಂದ ಒಬ್ಬರೇ ಒಂದಕ್ಕಿಂತ ಹೆಚ್ಚು ಶಾಖೆಗಳನ್ನು ನಿರ್ವಹಿಸುವುದು ಸಾಮಾನ್ಯ.

5. ಅರ್ಜಿ ಸಲ್ಲಿಸುವ ಮುನ್ನ

(ಅ) ಅಂಕಪಟ್ಟಿಯಲ್ಲಿರುವಂತೆಯೇ ಹೆಸರು, ನೋಂದಣಿ ಸಂಖ್ಯೆ, ಪರೀಕ್ಷೆಯ ತಿಂಗಳು ಮತ್ತು ವರ್ಷವನ್ನು ಬರೆಯುವುದು. ಮನೆತನದ ಹೆಸರನ್ನು ಒಂದು ದಾಖಲೆಯಲ್ಲಿ ಪೂರ್ಣವಾಗಿ, ಇನ್ನೊಂದರಲ್ಲಿ ಇನಿಷಿಯಲ್ ಆಗಿ ಬರೆದಿರುವುದು ಕೊಡಗಿನ ಅರ್ಜಿದಾರರ ದಾಖಲೆಗಳಲ್ಲಿ ಕಾಣಬಹುದಾದ ವ್ಯತ್ಯಾಸ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಪ್ರತಿಯನ್ನು ಲಗತ್ತಿಸುವುದು.

(ಆ) ಮೂಲ ಅಂಕಪಟ್ಟಿ ಕಳೆದುಹೋಗಿದ್ದಲ್ಲಿ ಪೊಲೀಸ್ ಠಾಣೆಯ ಸ್ವೀಕೃತಿ ಮತ್ತು ಪ್ರಮಾಣಿತ ಅಫಿಡವಿಟ್ ಅನ್ನು ಸಾಮಾನ್ಯವಾಗಿ ಕೇಳಲಾಗುತ್ತದೆ.

(ಇ) ಇತ್ತೀಚಿನ ಪದವಿ ವಿದ್ಯಾರ್ಥಿಗಳ ಪ್ರವೇಶ ಮತ್ತು ಪರೀಕ್ಷಾ ವಿವರಗಳು ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆಯಲ್ಲಿ (ಯು.ಯು.ಸಿ.ಎಂ.ಎಸ್.) ಇರುತ್ತವೆ. ಡಿಜಿಲಾಕರ್‌ನಲ್ಲಿ ದಾಖಲೆ ಲಭ್ಯವಿದ್ದಲ್ಲಿ ಅದನ್ನು ಪಡೆದುಕೊಳ್ಳಬಹುದು.

(ಈ) ಅರ್ಜಿಯ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕವನ್ನು ತಪ್ಪದೆ ಪಡೆಯುವುದು. ಮುಂದಿನ ಎಲ್ಲ ವಿಚಾರಣೆಗೂ ಅದೇ ಆಧಾರ.

6. ವಿಳಂಬವಾದಲ್ಲಿ ಅಥವಾ ತೃಪ್ತಿಯಾಗದಿದ್ದಲ್ಲಿ

ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ: ಯುಜಿಸಿಯ 2023ರ ನಿಯಮಾವಳಿಯಂತೆ ಪ್ರತಿ ಸಂಸ್ಥೆಯೂ ಈ ಸಮಿತಿಯನ್ನು ಹೊಂದಿರಬೇಕು. ದೂರು ಬಂದ ನಂತರ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ನೀಡುವುದು ಅಪೇಕ್ಷಿತ. ನಿರ್ಧಾರ ಒಪ್ಪಿಗೆಯಾಗದಿದ್ದಲ್ಲಿ 15 ದಿನಗಳೊಳಗೆ ವಿಶ್ವವಿದ್ಯಾಲಯದ ಲೋಕಪಾಲರಿಗೆ ಮೇಲ್ಮನವಿ ಸಲ್ಲಿಸಬಹುದು.

ಮಾಹಿತಿ ಹಕ್ಕು ಅಧಿನಿಯಮ, 2005: ವಿಶ್ವವಿದ್ಯಾಲಯವು ಸಾರ್ವಜನಿಕ ಪ್ರಾಧಿಕಾರ. ರೂ. 10 ಶುಲ್ಕದೊಂದಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿ ಕಡತದ ಸ್ಥಿತಿಯನ್ನು ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಜಿ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ, ಅನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಪರೀಕ್ಷಾರ್ಥಿಯು ತನ್ನ ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ಈ ಅಧಿನಿಯಮದಡಿ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್‌ನಲ್ಲಿ ತೀರ್ಪು ನೀಡಿದೆ.

7. ಸೂಚನೆ

ಶುಲ್ಕ, ನಮೂನೆ ಮತ್ತು ಕಾಲಮಿತಿಗಳನ್ನು ಆಯಾ ವಿಶ್ವವಿದ್ಯಾಲಯಗಳು ಸುತ್ತೋಲೆಗಳ ಮೂಲಕ ಕಾಲಕಾಲಕ್ಕೆ ಪರಿಷ್ಕರಿಸುತ್ತವೆ. ಅರ್ಜಿದಾರರು ಹಣ ಪಾವತಿಸುವ ಮೊದಲು ಸಂಬಂಧಿಸಿದ ವಿಶ್ವವಿದ್ಯಾಲಯದ ಅಧಿಸೂಚನೆಯನ್ನು ಪರಿಶೀಲಿಸುವುದು. ಮಧ್ಯವರ್ತಿಗಳ ಮೂಲಕ ವ್ಯವಹರಿಸುವ ಅಗತ್ಯವಿರುವುದಿಲ್ಲ. ಅಧಿನಿಯಮ ಅಥವಾ ನಿಯಮಾವಳಿ ಹಾಗೂ ಈ ಪುಟದ ವಿವರಣೆಯ ನಡುವೆ ವ್ಯತ್ಯಾಸ ಕಂಡುಬಂದಲ್ಲಿ ಅಧಿನಿಯಮವೇ ಅಂತಿಮ.