ಪಂಚಮಹಾವಾದ್ಯ ಮತ್ತು ಕಳಶ: ಶ್ರದ್ಧೆಯ ಪ್ರಕಟಣೆಯನ್ನು ಕುರಿತ ಒಂದು ಶಾಸನ

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳನ್ನು ಹೇಳುತ್ತದೆ. ಅವುಗಳಲ್ಲಿ ಕೊನೆಯದು ಪ್ರಭಾವನೆ. ಜಿನಶಾಸನದ ಮಹಿಮೆಯನ್ನು ಲೋಕಕ್ಕೆ ಪ್ರಕಟಪಡಿಸುವುದೆಂದು ಅದರ ತಾತ್ಪರ್ಯ. ಶ್ರದ್ಧೆ ಹುಟ್ಟುವುದು ಅಂತರಂಗದಲ್ಲಿ. ಆದರೆ ಅದು ಅಲ್ಲಿಯೇ ಅಡಗಿ ಉಳಿದರೆ ಒಂದು ಅಂಗ ಊನವಾದಂತೆ. ಮನಸ್ಸಿನ ಶ್ರದ್ಧೆಗೆ ಯಾರ ಅನುಮತಿಯೂ ಬೇಕಿಲ್ಲ. ಪ್ರಕಟಣೆಗಾದರೋ ಬೀದಿ ಬೇಕು, ಬೀದಿ ಎಲ್ಲರಿಗೂ ಸೇರಿದ್ದು. ಈ ಇಕ್ಕಟ್ಟು ಇತಿಹಾಸದಲ್ಲಿ ಹೇಗೆ ಎದುರಾಯಿತೆಂಬುದಕ್ಕೆ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನ ಸಾಕ್ಷಿಯಾಗಿದೆ.

ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದ ಉಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಜೈನರು ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿದರು. ಅರಸನು ವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನ ದರ್ಶನಕ್ಕೆ ಹಿಂದಿನ ಮರ್ಯಾದೆಯಂತೆ ಪಂಚಮಹಾವಾದ್ಯವೂ ಕಳಶವೂ ಸಲ್ಲಬೇಕೆಂದು ವಿಧಿಸಿದನು.

ಇಲ್ಲಿ ಗಮನಿಸಬೇಕಾದುದು ತೀರ್ಪಿನ ವಸ್ತು. ಯಾವ ತತ್ತ್ವ ಸತ್ಯವೆಂಬ ವಿಚಾರಕ್ಕೆ ಅರಸನು ಕೈಹಾಕಲಿಲ್ಲ. ಅವನು ನಿರ್ಣಯಿಸಿದ್ದು ವಾದ್ಯ ಮತ್ತು ಕಳಶಗಳನ್ನು. ಎಂದರೆ ಕಿವಿಗೆ ಕೇಳುವ, ಕಣ್ಣಿಗೆ ಕಾಣುವ ಗುರುತುಗಳನ್ನು. ವಾದ್ಯವಿಲ್ಲದೆಯೂ ಪೂಜೆ ನಡೆಯಬಲ್ಲದು. ಆದರೆ ವಾದ್ಯ ನಿಂತ ದಿನ ಆ ಸಮುದಾಯವು ಊರಿನ ನಡುವೆಯೇ ಇದ್ದೂ ಇಲ್ಲದಂತಾಗುತ್ತದೆ. ಬಿನ್ನಹ ಮಾಡಿದ ಜೈನರಿಗೂ ತೀರ್ಪಿತ್ತ ಅರಸನಿಗೂ ಇದು ತಿಳಿದಿತ್ತು.

ಶಾಸನದ ಉಳಿದ ವಿಧಿಗಳೂ ಅಷ್ಟೇ ಮುಖ್ಯ. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ಆ ದ್ರವ್ಯದಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಡಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಜೈನ ದರ್ಶನಕ್ಕೆ ಭಕ್ತರಿಂದ ಹಾನಿ ವೃದ್ಧಿಗಳೇನೇ ಆದರೂ ವೈಷ್ಣವರು ಅದನ್ನು ತಮ್ಮದೆಂದೇ ಎಣಿಸಬೇಕು.

ಈ ಶಾಸನವನ್ನು ಸರ್ವಧರ್ಮ ಸಮನ್ವಯದ ಮಾದರಿಯೆಂದು ಕೊಂಡಾಡುವುದು ವಾಡಿಕೆ. ಆ ಪ್ರಶಂಸೆ ಸಲ್ಲತಕ್ಕದ್ದೇ. ಆದರೂ ಅದರ ಮೊದಲಲ್ಲಿರುವುದು ರಾಮಾನುಜರ ಸ್ತುತಿ. ಹಣ ತೆತ್ತವರು ಜೈನರು. ಕಾವಲಿನ ಹೊಣೆ ಹೊತ್ತವರು ವೈಷ್ಣವರು. ಜೈನರ ಕೈ ವೈಷ್ಣವರ ಕೈಯೊಳಗಿದ್ದುದು ಸ್ನೇಹದ ಚಿಹ್ನೆಯೂ ಹೌದು, ಆಶ್ರಯದ ಚಿಹ್ನೆಯೂ ಹೌದು. ಸಂಖ್ಯೆಯಲ್ಲಿ ಅಥವಾ ಅಧಿಕಾರದಲ್ಲಿ ಕಿರಿದಾದ ಸಮುದಾಯಕ್ಕೆ ಪ್ರಭಾವನೆಯು ಸ್ವಂತ ಧೈರ್ಯದಿಂದ ಮಾತ್ರ ಸಾಧ್ಯವಾಗುವುದಿಲ್ಲ. ನೆರೆಯವರ ಸಮ್ಮತಿಯೂ ಅದರ ಭಾಗವಾಗುತ್ತದೆ.

ಅರಸನಲ್ಲಿ ಬಿನ್ನಹ ಮಾಡಿದ ಕಲ್ಲೇಹದ ಬುಸುವಿ ಸೆಟ್ಟಿಗೆ ಉಭಯ ಸಮುದಾಯಗಳೂ ಕೂಡಿ ಸಂಘನಾಯಕ ಪಟ್ಟ ಕಟ್ಟಿದವೆಂದು ಶಾಸನ ಹೇಳುತ್ತದೆ. ತನ್ನ ಧರ್ಮದ ವಾದ್ಯಕ್ಕಾಗಿ ಮೊರೆಯಿಟ್ಟವನನ್ನು ಎದುರು ಪಕ್ಷದವರೂ ಗೌರವಿಸಿದರೆಂಬ ಈ ಸಂಗತಿಯು ಅರಸನ ತೀರ್ಪಿನಷ್ಟೇ ಅಧ್ಯಯನಕ್ಕೆ ಅರ್ಹವಾಗಿದೆ.