ಬ್ಯಾಕಪ್ ಮರುಸ್ಥಾಪನೆಯಲ್ಲಿ ಕಡತ ಸಮಗ್ರತೆಯ ಎಚ್ಚರಿಕೆ

ಕಡತ ಸಮಗ್ರತೆಯ ಎಚ್ಚರಿಕೆ ಎಂದರೆ ಮೀಸಲು ಪ್ರತಿಯಿಂದ (ಬ್ಯಾಕಪ್) ದತ್ತಾಂಶವನ್ನು ಮರಳಿ ಪಡೆಯುವಾಗ, ಈಗ ಓದಿದ ಕಡತವು ಪ್ರತಿ ತೆಗೆದ ಸಮಯದ ಕಡತದೊಂದಿಗೆ ತಾಳೆಯಾಗುತ್ತಿಲ್ಲವೆಂದು ತಂತ್ರಾಂಶವು ನೀಡುವ ಸೂಚನೆ. ಇದು ವ್ಯತ್ಯಾಸವಿದೆಯೆಂಬುದನ್ನು ಮಾತ್ರ ತಿಳಿಸುತ್ತದೆ. ವ್ಯತ್ಯಾಸ ಏಕೆ ಬಂತು, ಎಷ್ಟು ಭಾಗ ಕೆಟ್ಟಿದೆ, ಮೂಲದಲ್ಲಿ ಏನಿತ್ತು ಎಂಬುದನ್ನು ತಿಳಿಸುವುದಿಲ್ಲ. ಈ ಅಂತರವನ್ನು ಗಮನಿಸದೆ ಎಚ್ಚರಿಕೆ ಕಂಡೊಡನೆ ಬ್ಯಾಕಪ್ಪನ್ನೇ ಅಳಿಸಿಬಿಡುವುದರಿಂದ ಉಳಿಯಬಹುದಾಗಿದ್ದ ಏಕೈಕ ಪ್ರತಿಯೂ ನಷ್ಟವಾಗುವುದುಂಟು.

ಪರಿಶೀಲನೆಯ ತತ್ತ್ವ

ಪ್ರತಿ ಮಾಡುವಾಗ ಕಡತದ ಎಲ್ಲ ಬೈಟ್‌ಗಳನ್ನು ಒಂದು ಗಣಿತ ಕ್ರಮಕ್ಕೆ ಒಳಪಡಿಸಿ ಚಿಕ್ಕದೊಂದು ಮೌಲ್ಯವನ್ನು ಪಡೆಯಲಾಗುತ್ತದೆ. ಇದನ್ನು ಚೆಕ್‌ಸಮ್ ಅಥವಾ ಹ್ಯಾಶ್ ಎನ್ನುತ್ತಾರೆ. ಮರುಸ್ಥಾಪನೆಯ ವೇಳೆ ಅದೇ ಲೆಕ್ಕವನ್ನು ಮತ್ತೆ ಮಾಡಿ ಎರಡು ಮೌಲ್ಯಗಳನ್ನು ಹೋಲಿಸಲಾಗುತ್ತದೆ. ಅವು ಬೇರೆಯಾಗಿದ್ದರೆ ಎಚ್ಚರಿಕೆ ಮೂಡುತ್ತದೆ.

ಕನ್ನಡ ಹಸ್ತಪ್ರತಿಗಳ ಸಂಪಾದನೆಯನ್ನು ಬಲ್ಲವರಿಗೆ ಈ ಉಪಾಯ ಅಪರಿಚಿತವಲ್ಲ. ಗುಬ್ಬಿಯ ಮಲ್ಲಣಾರ್ಯ ಮೊದಲಾದ ಅನೇಕ ನಡುಗನ್ನಡ ಕವಿಗಳು ಕಾವ್ಯ ರಚಿಸಿದ ಷಟ್ಪದಿಗಳಲ್ಲಿ ಮಾತ್ರೆಗಳ ಲೆಕ್ಕ ನಿಶ್ಚಿತವಾಗಿದೆ. ಉದಾಹರಣೆಗೆ ಭಾಮಿನಿ ಷಟ್ಪದಿಯ ಪದ್ಯವೊಂದರಲ್ಲಿ 102 ಮಾತ್ರೆಗಳಿರಬೇಕು. ಓಲೆಗರಿಯ ಪ್ರತಿಯೊಂದರಲ್ಲಿ 100 ಮಾತ್ರೆಗಳಷ್ಟೇ ಸಿಕ್ಕರೆ ಲಿಪಿಕಾರನು ಏನನ್ನೋ ಬಿಟ್ಟಿದ್ದಾನೆಂದು ಸಂಪಾದಕನಿಗೆ ತಿಳಿಯುತ್ತದೆ. ಆದರೆ ಬಿಟ್ಟುಹೋದ ಅಕ್ಷರ ಯಾವುದೆಂದು ಮಾತ್ರಾಗಣನೆ ಹೇಳಲಾರದು; ಅದಕ್ಕೆ ಮತ್ತೊಂದು ಪ್ರತಿ ಬೇಕು. ಮಾತ್ರೆ ಸರಿಯಿದ್ದೂ ಪದ ತಪ್ಪಾಗಿರಬಹುದು. ಈ ಎರಡನೆಯ ದೋಷ ಗಣಕದಲ್ಲಿ ಬಹುಮಟ್ಟಿಗೆ ಇಲ್ಲ: ಜಿಪ್ ಕಡತಗಳು ಬಳಸುವ ಸಿಆರ್‌ಸಿ-32 ಕ್ರಮದಲ್ಲಿ ಆಕಸ್ಮಿಕ ದೋಷವೊಂದು ಕಣ್ತಪ್ಪಿಸಿಕೊಳ್ಳುವ ಸಂಭವ ಸುಮಾರು 429 ಕೋಟಿಯಲ್ಲಿ ಒಂದು.

1991ರಲ್ಲಿ ರೊನಾಲ್ಡ್ ರಿವೆಸ್ಟ್ ರೂಪಿಸಿದ ಎಂಡಿ5 ಇಂದಿಗೂ ಬಳಕೆಯಲ್ಲಿದೆ. ಒಂದೇ ಎಂಡಿ5 ಮೌಲ್ಯವಿರುವ ಎರಡು ಬೇರೆ ಕಡತಗಳನ್ನು ಉದ್ದೇಶಪೂರ್ವಕವಾಗಿ ಸೃಷ್ಟಿಸಬಹುದೆಂದು 2004ರಲ್ಲಿ ಚೀನಾದ ಸಂಶೋಧಕರು ತೋರಿಸಿಕೊಟ್ಟರು. ಆಕಸ್ಮಿಕ ಹಾನಿಯನ್ನು ಗುರುತಿಸಲು ಎಂಡಿ5 ಸಾಕು. ಯಾರಾದರೂ ತಿದ್ದಿರಬಹುದೆಂಬ ಸಂಶಯವಿದ್ದರೆ ಎಸ್‌ಎಚ್‌ಎ-256 ಉತ್ತಮ. ಅದರ ಮೌಲ್ಯವನ್ನು 64 ಅಂಕಿ-ಅಕ್ಷರಗಳಲ್ಲಿ ಬರೆಯುತ್ತಾರೆ.

ನಿಜವಾದ ಹಾನಿ

ಪ್ರತಿ ಮುಗಿಯುವ ಮುನ್ನ ವಿದ್ಯುತ್ ಕಡಿತವಾಗುವುದು, ಪೆನ್‌ಡ್ರೈವನ್ನು ಅವಸರದಲ್ಲಿ ಕೀಳುವುದು, ಹಾರ್ಡ್‌ಡಿಸ್ಕಿನ ಕೆಲವು ಭಾಗಗಳು ಓದಲಾಗದಂತಾಗುವುದು, ಸಡಿಲ ಕೇಬಲ್, ದೋಷಯುಕ್ತ ಮೆಮೊರಿ ಇವು ಸಾಮಾನ್ಯ ಕಾರಣಗಳು. ಕೇಬಲ್ ಅಥವಾ ಮೆಮೊರಿಯ ದೋಷವಾದರೆ ಬ್ಯಾಕಪ್ ಕೆಟ್ಟಿರದೆ ಓದುವಿಕೆ ಮಾತ್ರ ಕೆಟ್ಟಿರುತ್ತದೆ. ಆದ್ದರಿಂದ ಅದೇ ಡಿಸ್ಕನ್ನು ಬೇರೊಂದು ಗಣಕಕ್ಕೆ ಜೋಡಿಸಿ ಮೌಲ್ಯವನ್ನು ಮತ್ತೊಮ್ಮೆ ಲೆಕ್ಕಹಾಕುವುದು ಮೊದಲ ಪರೀಕ್ಷೆಯಾಗಬೇಕು. ಪ್ರತಿ ಸಲವೂ ಬೇರೆ ಬೇರೆ ಮೌಲ್ಯ ಬಂದರೆ ದೋಷವಿರುವುದು ಓದುವ ವ್ಯವಸ್ಥೆಯಲ್ಲಿ. ಪ್ರತಿ ಸಲವೂ ಒಂದೇ ತಪ್ಪು ಮೌಲ್ಯ ಬಂದರೆ ಕಡತವೇ ಬದಲಾಗಿದೆ, ಅಥವಾ ದಾಖಲಿಸಿಟ್ಟ ಮೌಲ್ಯವೇ ಹಳೆಯದು.

ಹಾನಿಯಿಲ್ಲದ ಎಚ್ಚರಿಕೆಗಳು

ಕನ್ನಡ ಬಳಕೆದಾರರು ವಿಶೇಷವಾಗಿ ಎದುರಿಸುವ ಗೊಂದಲವೊಂದು ಕಡತದ ಹೆಸರಿನಲ್ಲಿದೆ. ‘ದೇವರಾಯನದುರ್ಗ’ ಎಂಬ ಹೆಸರಿನ ಛಾಯಾಚಿತ್ರವನ್ನು ಪರಿಗಣಿಸಬಹುದು. ಯೂನಿಕೋಡ್‌ನಲ್ಲಿ ‘ದೇ’ ಎಂಬುದನ್ನು ದಕಾರ ಮತ್ತು ಏತ್ವದ ಒಂದೇ ಚಿಹ್ನೆಯಾಗಿ ಬರೆಯಬಹುದು; ದಕಾರ, ಎತ್ವ, ದೀರ್ಘ ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಯುಟಿಎಫ್-8ರಲ್ಲಿ ಮೊದಲನೆಯದು 6 ಬೈಟ್, ಎರಡನೆಯದು 9 ಬೈಟ್. ಕಣ್ಣಿಗೆ ಎರಡೂ ಒಂದೇ. ಮ್ಯಾಕ್ ಗಣಕಗಳ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಅಲ್ಲಿಂದ ಬಂದ ಬ್ಯಾಕಪ್ಪನ್ನು ಬೇರೆಡೆ ಪರಿಶೀಲಿಸಿದಾಗ ‘ಕಡತ ಕಾಣೆಯಾಗಿದೆ’ ಎಂದೂ ಜೊತೆಗೆ ‘ಪಟ್ಟಿಯಲ್ಲಿಲ್ಲದ ಕಡತವೊಂದಿದೆ’ ಎಂದೂ ವರದಿ ಬರಬಹುದು. ಒಳಗಿನ ಚಿತ್ರ ಅಖಂಡವಾಗಿಯೇ ಇರುತ್ತದೆ.

ಸಮಯ ಮುದ್ರೆಯೂ ಹೀಗೆಯೇ ದಾರಿ ತಪ್ಪಿಸುತ್ತದೆ. ಹಳೆಯ ಪೆನ್‌ಡ್ರೈವ್‌ಗಳ ಫ್ಯಾಟ್ ವ್ಯವಸ್ಥೆ ಕಡತ ಬದಲಾದ ಸಮಯವನ್ನು 2 ಸೆಕೆಂಡುಗಳ ನಿಖರತೆಯಲ್ಲಿ, ಅದೂ ಸ್ಥಳೀಯ ಕಾಲಮಾನದಲ್ಲಿ ಬರೆದಿಡುತ್ತದೆ. ಎಲ್ಲ ಕಡತಗಳೂ ಸರಿಯಾಗಿ 5 ಗಂಟೆ 30 ನಿಮಿಷ ವ್ಯತ್ಯಾಸ ತೋರಿದರೆ ಅದು ಭಾರತೀಯ ಕಾಲಮಾನದ ಲೆಕ್ಕವೇ ಹೊರತು ಹಾನಿಯಲ್ಲ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಶಾಲಾ ದಾಖಲೆಯನ್ನು ಆ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹ್ಯಾಶ್ ತಾಳೆಯಾಗುತ್ತಿದ್ದರೆ ಕಡತ ಕೆಟ್ಟಿಲ್ಲ. ಬೇಕಾಗಿರುವುದು ಅಕ್ಷರಶೈಲಿ ಅಥವಾ ಪರಿವರ್ತಕ. ಪರಿವರ್ತಿಸಿದ ಯೂನಿಕೋಡ್ ಪ್ರತಿಯ ಹ್ಯಾಶ್ ಬೇರೆಯೇ ಆಗುವುದರಿಂದ ಮೂಲವನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದ ಛಾಯಾಚಿತ್ರ ಮತ್ತೆ ಸಂಕುಚಿತಗೊಳ್ಳುತ್ತದೆ. ತುಮಕೂರಿನಿಂದ ಕುಣಿಗಲ್‌ಗೆ ಹಾಗೆ ಹೋದ ಚಿತ್ರವು ಮೂಲದ ಹ್ಯಾಶ್‌ಗೆ ಎಂದೂ ಹೊಂದದು. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದ್ದರೆ ಬೈಟ್‌ಗಳು ಹಾಗೆಯೇ ಉಳಿಯುತ್ತವೆ.

ಮರುಸ್ಥಾಪನೆಯ ಕ್ರಮ

ಎಚ್ಚರಿಕೆ ಬಂದಾಗ ಬ್ಯಾಕಪ್ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಮರುಸ್ಥಾಪನೆಯನ್ನು ಹಳೆಯ ಕಡತಗಳ ಮೇಲೆಯೇ ಮಾಡದೆ ಬೇರೊಂದು ಖಾಲಿ ಫೋಲ್ಡರಿಗೆ ಮಾಡಿ, ಎಚ್ಚರಿಕೆ ಬಂದ ಕಡತಗಳ ಹೆಸರನ್ನು ಗುರುತು ಹಾಕಿಕೊಳ್ಳಬೇಕು. ಬಳಿಕ ಅದಕ್ಕಿಂತ ಹಿಂದಿನ ದಿನಾಂಕದ ಬ್ಯಾಕಪ್ಪಿನಲ್ಲಿ ಅವೇ ಕಡತಗಳನ್ನು ಹುಡುಕಬೇಕು. ಕೆಟ್ಟ ಕಡತದಿಂದಲೂ ಪ್ರಯೋಜನವುಂಟು: ಜೆಪೆಗ್ ಚಿತ್ರವೊಂದರ ಕೆಳಭಾಗ ಹಾಳಾಗಿದ್ದರೂ ಮೇಲಿನ ಭಾಗ ತೆರೆಯಬಹುದು. ಆದರೆ ಗುಪ್ತಲಿಪೀಕರಿಸಿದ ಅಥವಾ ಸಂಕುಚಿತ ಕಡತದಲ್ಲಿ ಚಿಕ್ಕ ದೋಷವೂ ದೊಡ್ಡ ಭಾಗವನ್ನು ನುಂಗಬಲ್ಲದು.

ತಾನಾಗಿಯೇ ದುರಸ್ತಿಯಾಗಬೇಕಾದರೆ ಪ್ರತಿ ಮಾಡುವಾಗಲೇ ಹೆಚ್ಚುವರಿ ಮಾಹಿತಿ ಸೇರಿಸಿರಬೇಕು. ಅಂಕವಹಿಯಲ್ಲಿ ಅಡ್ಡಸಾಲಿನ ಮೊತ್ತವನ್ನೂ ಉದ್ದಸಾಲಿನ ಮೊತ್ತವನ್ನೂ ಬರೆದಿಟ್ಟರೆ ತಪ್ಪಿರುವ ಅಂಕ ಎಲ್ಲಿದೆ, ಎಷ್ಟಿರಬೇಕಿತ್ತು ಎಂದು ಎರಡೂ ತಿಳಿಯುವಂತೆ. 1960ರ ರೀಡ್-ಸಾಲೊಮನ್ ಸಂಕೇತ ಇದೇ ಬಗೆಯ ಕೆಲಸವನ್ನು ಹೆಚ್ಚು ಸಮರ್ಥವಾಗಿ ಮಾಡುತ್ತದೆ.

ಹ್ಯಾಶ್ ತಾಳೆಯಾದ ಮಾತ್ರಕ್ಕೆ ಕಡತ ಸರಿಯಿದೆಯೆಂದಲ್ಲ. ಬ್ಯಾಕಪ್ಪಿಗೆ ಮೊದಲೇ ಕೆಟ್ಟಿದ್ದ ಕಡತದ ಹ್ಯಾಶ್ ಕೂಡ ನಿಷ್ಠೆಯಿಂದ ತಾಳೆಯಾಗುತ್ತದೆ. ಆಗಾಗ್ಗೆ ಕೆಲವು ಕಡತಗಳನ್ನು ಮರುಸ್ಥಾಪಿಸಿ, ತೆರೆದು, ಓದಿ ನೋಡುವುದಕ್ಕೆ ಬದಲಿ ಇಲ್ಲ.

ಡಿಜಿಟಲ್ ಸಹಿ ಮತ್ತು ಸಾಕ್ಷ್ಯ

‘ಭೂಮಿ’ ಯೋಜನೆಯ ನಂತರ ಗುಬ್ಬಿ, ಕುಣಿಗಲ್ ಸೇರಿದಂತೆ ರಾಜ್ಯದ ತಾಲ್ಲೂಕುಗಳ ಪಹಣಿ ಗಣಕದ ದಾಖಲೆಯಾಗಿದೆ. ಇ-ಆಧಾರ್‌ನಂತಹ ಡಿಜಿಟಲ್ ಸಹಿಯುಳ್ಳ ಪಿಡಿಎಫ್ ತೆರೆದಾಗ ‘ಸಿಂಧುತ್ವ ತಿಳಿದಿಲ್ಲ’ ಎಂಬರ್ಥದ ಪ್ರಶ್ನಾರ್ಥಕ ಚಿಹ್ನೆ ಕಾಣುವುದು ಸಾಮಾನ್ಯ. ಸಹಿದಾರರ ಪ್ರಮಾಣಪತ್ರವನ್ನು ಆ ಗಣಕ ಇನ್ನೂ ನಂಬಿಲ್ಲವೆಂಬುದಷ್ಟೇ ಅದರ ಅರ್ಥ. ಸಹಿಯ ನಂತರ ದಾಖಲೆ ಬದಲಾಗಿದೆಯೆಂಬ ಸೂಚನೆ ಬಂದರೆ ಮಾತ್ರ ಅದು ಸಮಗ್ರತೆಯ ಪ್ರಶ್ನೆ. ಮುದ್ರಿಸಿ ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಸಹಿಯ ಚಿತ್ರ ಉಳಿಯುತ್ತದೆ, ಸಹಿ ಉಳಿಯುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮು ವಿದ್ಯುನ್ಮಾನ ದಾಖಲೆಗಳನ್ನು ಸಾಕ್ಷ್ಯವಾಗಿ ಒಪ್ಪುವ ಷರತ್ತುಗಳನ್ನು ಹೇಳುತ್ತದೆ. ಅದಕ್ಕೆ ಲಗತ್ತಿಸಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನೂ ಅದನ್ನು ಪಡೆದ ಕ್ರಮವನ್ನೂ ನಮೂದಿಸಬೇಕು. ನಮೂನೆಯ ‘ಅ’ ಭಾಗವನ್ನು ದಾಖಲೆ ಹಾಜರುಪಡಿಸುವವರೂ ‘ಆ’ ಭಾಗವನ್ನು ಪರಿಣತರೂ ತುಂಬುತ್ತಾರೆ.