ಸೋಸುವ ಅರಿವೆ, ಕೆರೆಯ ಕಾವಲು

ಕಿತ್ತೂರಿನಿಂದ ಬೈಲಹೊಂಗಲ, ದೊಡವಾಡ, ಸವದತ್ತಿ ದಾಟಿ ರಾಮದುರ್ಗದವರೆಗಿನ ಈ ಸೀಮೆಯಲ್ಲಿ ಕುಡಿಯುವ ನೀರಿನ ಚರಿತ್ರೆ ಮಣ್ಣಿನಿಂದಲೇ ಶುರುವಾಗುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಮೂಡಲಿಗೆ ಹರಿದಷ್ಟೂ ಮಳೆ ಕಡಿಮೆಯಾಗುತ್ತ, ಎರಿ ಭೂಮಿ ಹೆಚ್ಚುತ್ತ ಹೋಗುತ್ತದೆ. ಹತ್ತಿ, ಬಿಳಿಜೋಳ, ಕಡಲೆಗೆ ಹೇಳಿ ಮಾಡಿಸಿದ ಈ ಮಣ್ಣು ಕುಡಿಯುವ ನೀರಿನ ಮಟ್ಟಿಗೆ ಅಷ್ಟು ಉದಾರಿಯಲ್ಲ. ಬಾವಿ ತೋಡಿದರೆ ಎಷ್ಟೋ ಕಡೆ ಸವಳು ನೀರು. ಮಳೆಯ ನೀರನ್ನು ಕೆರೆಯಲ್ಲಿ ನಿಲ್ಲಿಸಿದರೆ ಸಿಹಿ, ಆದರೆ ರಾಡಿ. ಎರಿ ಮಣ್ಣಿನ ಕಣಗಳು ಎಷ್ಟು ಸಣ್ಣವೆಂದರೆ ದಿನಗಟ್ಟಲೆ ಇಟ್ಟರೂ ಪೂರ್ತಿ ತಳಕ್ಕೆ ಕೂಡುವುದಿಲ್ಲ. ಹಾಗಾಗಿ ಕೆರೆಯಿಂದ ತಂದ ನೀರನ್ನು ಮನೆಯಲ್ಲಿ ಹಸನು ಮಾಡಿಕೊಳ್ಳುವುದು ಇಲ್ಲಿಯವರಿಗೆ ನಿತ್ಯದ ಕೆಲಸವಾಯಿತು. ಆ ಕೆಲಸದ ಚರಿತ್ರೆಯನ್ನು ಗಮನಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಮನೆಯಲ್ಲಿ ನೀರು ಸೋಸುವುದು ಯಾವತ್ತೂ ಅರ್ಧ ಕೆಲಸವೇ ಆಗಿತ್ತು. ಉಳಿದರ್ಧ ಕೆರೆಯ ದಂಡೆಯ ಮೇಲೆ, ಬಾವಿಯ ಕಟ್ಟೆಯ ಮೇಲೆ, ಊರವರೆಲ್ಲ ಕೂಡಿ ಮಾಡಬೇಕಾದದ್ದು. ಆ ಅರ್ಧ ಕೈಬಿಟ್ಟಾಗಲೆಲ್ಲ ಮನೆಯ ಉಪಾಯ ಎಷ್ಟೇ ಚೆನ್ನಾಗಿದ್ದರೂ ಸೋತಿದೆ.

ಮನೆಯ ಅರ್ಧವನ್ನು ಮೊದಲು ನೋಡೋಣ, ಏಕೆಂದರೆ ಅದನ್ನು ಹಗುರವಾಗಿ ಕಾಣುವವರಿದ್ದಾರೆ. ಉಟ್ಟು ಉಟ್ಟು ಮೆತ್ತಗಾದ ಹತ್ತಿಯ ಸೀರೆಯನ್ನೋ ಧೋತರವನ್ನೋ ಮಡಚಿ ಕೊಡದ ಬಾಯಿಗೆ ಕಟ್ಟಿ, ನಡುವೆ ತುಸು ಜೋಲುಬಿಟ್ಟು, ನೀರನ್ನು ಸಾವಕಾಶ ಸುರಿಯುವುದು. ಸೋಸಿದ ಮೇಲೆ ಅರಿವೆಯ ಮಗ್ಗುಲು ಬದಲಾಗದಂತೆ ಎತ್ತಿ ಬೇರೆ ಕಡೆ ಜಾಲಿಸುವುದು. ಈ ಸೀಮೆಯಲ್ಲಿ ಇದಕ್ಕೆ ಆಳವಾದ ಬೇರುಗಳಿವೆ. ಸುಗಂಧವರ್ತಿ ಎನ್ನಿಸಿಕೊಂಡಿದ್ದ ಸವದತ್ತಿ ರಟ್ಟರ ರಾಜಧಾನಿಯಾಗಿತ್ತು, ರಟ್ಟರು ಜೈನ ಬಸದಿಗಳಿಗೆ ದತ್ತಿ ಕೊಟ್ಟವರು. ಸೋಸದ ನೀರು ಕುಡಿಯಬಾರದು, ಅರಿವೆಯಲ್ಲಿ ಉಳಿದ ಜೀವಿಗಳನ್ನು ತಂದ ನೀರಿಗೇ ಮರಳಿಸಬೇಕು ಎಂಬುದು ಜೈನ ಗೃಹಸ್ಥರ ಆಚಾರ. ಮನುಸ್ಮೃತಿಯೂ ಸನ್ಯಾಸಿಗೆ ಬಟ್ಟೆಯಲ್ಲಿ ಸೋಸಿದ ನೀರನ್ನೇ ಹೇಳುತ್ತದೆ. ಶರಣರಲ್ಲಿ ಲಿಂಗದ ಮಜ್ಜನಕ್ಕೆ ನೀರು ತರುವುದೇ ಕಾಯಕವಾಗಿದ್ದವರಿದ್ದರು; ಅಗ್ಘವಣಿ ಹೊನ್ನಯ್ಯನ ಹೆಸರಿನಲ್ಲೇ ಆ ನೀರಿದೆ. ಕಾರಣ ಒಬ್ಬರಿಗೆ ಅಹಿಂಸೆ, ಇನ್ನೊಬ್ಬರಿಗೆ ಶೀಲ. ಅರಿವೆ ಮಾತ್ರ ಒಂದೇ.

ಇದು ಬರೀ ಆಚಾರವಲ್ಲ, ಕೆಲಸ ಮಾಡುವ ಉಪಾಯ ಎಂಬುದಕ್ಕೆ ಬಲವಾದ ಸಾಕ್ಷಿ ಬಾಂಗ್ಲಾದೇಶದ ಮತ್ಲಬ್‌ನಿಂದ ಬಂದಿದೆ. ಅಲ್ಲಿನ 65 ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಮಡಚಿದ ಹಳೆ ಹತ್ತಿ ಸೀರೆಯಲ್ಲಿ ನೀರು ಸೋಸಿದ ಮನೆಗಳಲ್ಲಿ ಕಾಲರಾ 48 ಪ್ರತಿಶತ ಕಡಿಮೆಯಾಗಿತ್ತು. ಕಾಲರಾ ರೋಗಾಣು ಅರಿವೆಯ ಕಣ್ಣುಗಳಲ್ಲಿ ಸಲೀಸಾಗಿ ನುಸುಳುವಷ್ಟು ಸಣ್ಣದು. ಆದರೆ ಕೆರೆಯ ನೀರಿನಲ್ಲಿ ಅದು ಕಣ್ಣಿಗೆ ಕಂಡೂ ಕಾಣದಂಥ ಜಲಜೀವಿಗಳಿಗೆ ಅಂಟಿಕೊಂಡಿರುತ್ತದೆ. ಅವು ಸಿಕ್ಕಿಬಿದ್ದರೆ ಅದೂ ಸಿಕ್ಕಿಬಿದ್ದಂತೆ. ಹೊಸ ಸೀರೆಗಿಂತ ಹಳೆಯದೇ ಮೇಲು, ಏಕೆಂದರೆ ಒಗೆದು ಒಗೆದು ನೂಲು ಜುಂಗೆದ್ದು ಕಣ್ಣುಗಳು ಕಿರಿದಾಗಿರುತ್ತವೆ. ಹರಿದ ಸೀರೆಯನ್ನು ನೀರಿನ ಕೊಡಕ್ಕೆ ಮೀಸಲಿಟ್ಟ ಅಜ್ಜಿಯರ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ, ಆಯ್ಕೆ ಸರಿಯಾಗಿಯೇ ಇತ್ತು.

ರಾಡಿ ತಿಳಿಗೊಳಿಸಲು ಬೇರೆ ಉಪಾಯಗಳಿದ್ದವು. ಸುಶ್ರುತ ಸಂಹಿತೆ ನೀರು ತಿಳಿಗೊಳಿಸುವ ವಸ್ತುಗಳಲ್ಲಿ ಅರಿವೆಯ ಜೊತೆಗೆ ಕತಕವನ್ನೂ ಎಣಿಸುತ್ತದೆ. ಅದೇ ನಮ್ಮ ಚಿಲ್ಲದ ಬೀಜ. ಬೀಜವನ್ನು ಗಡಿಗೆಯ ಒಳಮೈಗೆ ತಿಕ್ಕಿ ನೀರು ತುಂಬಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ತಳ ಹಿಡಿಯುತ್ತವೆ. ಮುಂದೆ ಪಟಿಕ ಇದೇ ಕೆಲಸಕ್ಕೆ ಬಂತು, ದೊಡ್ಡ ನೀರು ಸರಬರಾಜು ಕೇಂದ್ರಗಳಲ್ಲಿ ಇವತ್ತಿಗೂ ಅದೇ ನಡೆದಿದೆ. ಹೊಳೆದಂಡೆಯ ಊರುಗಳಲ್ಲಿ ಬೇಸಿಗೆಗೆ ವರತಿ ತೋಡುತ್ತಿದ್ದರು. ಮಲಪ್ರಭೆ ಬತ್ತಿದಾಗ ಉಸುಕಿನಲ್ಲಿ ಗುಂಡಿ ತೆಗೆದು, ಮೊದಲು ಬಂದ ಕಲಕು ನೀರನ್ನು ಚೆಲ್ಲಿ, ತಿಳಿಯಾಗಿ ಒಸರುವುದನ್ನು ತಂಬಿಗೆಯಿಂದ ಮೊಗೆದು ಕೊಡ ತುಂಬುವುದು. ಉಸುಕು ಸೋಸುವ ಶಕ್ತಿಗೆ ಜಗತ್ತು ಕಂಡ ದೊಡ್ಡ ಸಾಕ್ಷಿ 1892ರದು. ಎಲ್ಬೆ ನದಿಯ ನೀರನ್ನು ಹಾಗೆಯೇ ಕುಡಿದ ಹ್ಯಾಂಬರ್ಗ್ ಕಾಲರಾದಿಂದ ತತ್ತರಿಸಿತು. ಅದೇ ನದಿಯ ನೀರನ್ನು ಉಸುಕಿನಲ್ಲಿ ಸೋಸಿ ಕುಡಿದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ತಾಮ್ರದ ಕೊಡದ ಬಗ್ಗೆಯೂ ಬೆಂಗಳೂರಿನ ಸಂಶೋಧಕರು 2012ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ: 16 ತಾಸು ತಾಮ್ರದ ಪಾತ್ರೆಯಲ್ಲಿಟ್ಟ ನೀರಿನಲ್ಲಿ ಕಾಲರಾ, ಆಮಶಂಕೆಯ ರೋಗಾಣುಗಳು ಉಳಿಯಲಿಲ್ಲ. ಆದರೆ ಬೆಳಿಗ್ಗೆ ತುಂಬಿ ಮಧ್ಯಾಹ್ನಕ್ಕೆ ಖಾಲಿಯಾಗುವ ಕೊಡಕ್ಕೆ 16 ತಾಸು ಎಲ್ಲಿಂದ ಬರಬೇಕು? ಕಾಯಿಸಿ ಆರಿಸುವುದು ಎಲ್ಲಕ್ಕಿಂತ ಭದ್ರ. ಎರಿ ಸೀಮೆಯಲ್ಲಿ ಉರುವಲಿಗೇ ಬರ, ಹತ್ತಿಕಟ್ಟಿಗೆಯೂ ಕುಳ್ಳೂ ರೊಟ್ಟಿಗೆ ಸಾಕಾದರೆ ಹೆಚ್ಚು. ಹೀಗಾಗಿ ಕಾಸಿದ ನೀರು ಬಾಣಂತಿಗೆ, ಬೇನೆಯವರಿಗೆ ಮೀಸಲಾಯಿತು.

ಇಷ್ಟೆಲ್ಲ ಇದ್ದೂ ಜನ ಕಾಲರಾದಿಂದ ಸಾಯಲಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸತ್ತರು, ಮನೆಮನೆಗಳೇ ಬರಿದಾಗುವಷ್ಟು. ಜಾತ್ರೆಯಿಂದ ಮರಳುವ ದಾರಿಯಲ್ಲೇ ಕಾಲರಾ ಊರೂರಿಗೆ ಹೋಗುತ್ತದೆಂಬುದು 19ನೇ ಶತಮಾನದ ಆರೋಗ್ಯ ಅಧಿಕಾರಿಗಳಿಗೆ ಗೊತ್ತಿತ್ತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಕೂಡುವಂಥ ಜನಸಾಗರ ಒಂದೇ ಹೊಂಡದಲ್ಲಿ ಮಿಂದು ಅದೇ ನೀರು ಕುಡಿದರೆ ಮಡಚಿದ ಸೀರೆ ಎಷ್ಟು ತಡೆದೀತು? ರಾಬರ್ಟ್ ಕಾಖ್ 1884ರಲ್ಲಿ ಕಾಲರಾ ರೋಗಾಣುವನ್ನು ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲೇ ಕಂಡದ್ದು. 1890ರ ದಶಕದಲ್ಲಿ ಆಗ್ರಾದ ಹ್ಯಾಂಕಿನ್ ಬಾವಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುವ ಪದ್ಧತಿ ಹಬ್ಬಿಸಿದ. ನೀರು ಗುಲಾಬಿಯಾಗಿ ಕಾಣುತ್ತಿದ್ದ ಆ ಔಷಧಿ ಬಿದ್ದದ್ದು ಬಾವಿಗೆ, ಮನೆಯ ಕೊಡಕ್ಕಲ್ಲ. ಕಾಲರಾದ ಮುಂದೆ ಅರಿವೆ ಸೋತದ್ದು ನಿಜ. ಸೋಲಿಸಿದ್ದು ನೀರಿನ ಮೂಲ.

ಇದನ್ನು ಕಾಲರಾಕ್ಕಿಂತ ಸ್ಪಷ್ಟವಾಗಿ ತೋರಿಸುವುದು ನಾರುಹುಣ್ಣು. ಉತ್ತರ ಕರ್ನಾಟಕದ ಬಯಲು ಸೀಮೆ ಈ ರೋಗದಿಂದ ಪಟ್ಟ ಪಾಡು ಹಿರಿಯರ ನೆನಪಿನಲ್ಲಿ ಇನ್ನೂ ಇದೆ. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಬಿಳಿ ದಾರದಂಥ ಹುಳು ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯಬೇಕು, ಹರಿದರೆ ಕಾಲು ಬಾತು ಕೀವು. ಉರಿ ತಾಳದೆ ರೋಗಿ ಮೆಟ್ಟಿಲು ಬಾವಿಗಿಳಿದು ಕಾಲು ನೀರಿಗಿಟ್ಟರೆ ಸಾವಿರಾರು ಮರಿಗಳು ನೀರು ಸೇರುತ್ತವೆ. ಸೈಕ್ಲಾಪ್ಸ್ ಎಂಬ ಮಿಲಿಮೀಟರಿನಷ್ಟು ಪುಟ್ಟ ಜಲಜೀವಿ ಅವನ್ನು ನುಂಗುತ್ತದೆ. ಆ ನೀರು ಕುಡಿದವರಲ್ಲಿ ಸುಮಾರು ಒಂದು ವರ್ಷಕ್ಕೆ ಹುಳು ಹೊರಬರುತ್ತದೆ. ಸೈಕ್ಲಾಪ್ಸ್ ದಾರಿಯನ್ನು ತುರ್ಕಿಸ್ತಾನದಲ್ಲಿ ಫೆಡ್ಚೆಂಕೊ 1870ರ ಸುಮಾರಿಗೆ ಗುರುತಿಸಿದ್ದ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ. ಎನ್. ಮೂರ್ತಿ ಈ ರೋಗವನ್ನು ಆಳವಾಗಿ ಅಭ್ಯಾಸ ಮಾಡಿ, ಸೈಕ್ಲಾಪ್ಸ್ ತಿನ್ನುವ ಮೀನುಗಳನ್ನು ಬಾವಿಗೆ ಬಿಡುವ ಪ್ರಯೋಗ ನಡೆಸಿದರು. ಇಲ್ಲಿ ಅರಿವೆಗೆ ಪೂರ್ತಿ ಗೆಲುವು ಸಿಗಬೇಕಿತ್ತು, ಏಕೆಂದರೆ ಸೈಕ್ಲಾಪ್ಸ್ ಎರಡು ಮಡಿಕೆಯ ಅರಿವೆಯಲ್ಲೂ ನಿಲ್ಲುತ್ತದೆ. ಆದರೂ ಶತಮಾನಗಟ್ಟಲೆ ಸೋಸಿದ ನಾಡಿನಲ್ಲೇ ನಾರುಹುಣ್ಣು ಉಳಿಯಿತು. ಹೊಲದಲ್ಲಿ, ದಾರಿಯಲ್ಲಿ ಬಾಯಾರಿದವನು ಬೊಗಸೆಯಿಂದಲೇ ಕುಡಿಯುತ್ತಿದ್ದ. ಮನೆಯ ಅರಿವೆ ಅಲ್ಲಿಗೆ ಬರುತ್ತಿರಲಿಲ್ಲ. 1983-84ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಎರಡೂ ಅರ್ಧಗಳನ್ನು ಹಿಡಿದುಕೊಂಡಿತು. ಮನೆಗೆ ಸೋಸುವ ಅರಿವೆ. ಊರಿಗೆ ಮೆಟ್ಟಿಲು ಬಾವಿಗಳ ಬದಲು ಸೇದುವ ಬಾವಿ, ಕೊಳವೆಬಾವಿ, ನೀರಿಗೆ ಔಷಧಿ, ಹುಣ್ಣಿದ್ದವರು ನೀರಿಗಿಳಿಯದಂತೆ ತಿಳಿವಳಿಕೆ. ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಕೆರೆಯ ಕಾವಲನ್ನು ಹೊಗಳುವಾಗ ಎದುರಿಸಲೇಬೇಕಾದ ಆಕ್ಷೇಪ ಇನ್ನೊಂದಿದೆ, ಅದು ಎಲ್ಲಕ್ಕಿಂತ ತೂಕದ್ದು. ದನ ಇಳಿಯಬಾರದು, ಬಟ್ಟೆ ಒಗೆಯಬಾರದು ಎಂದು ಕಾದ ಜನವೇ ಮನುಷ್ಯರನ್ನೂ ದೂರವಿಟ್ಟರು. ದಲಿತ ಹೆಣ್ಣುಮಗಳು ಬರಿ ಕೊಡ ಹಿಡಿದು, ಯಾರಾದರೂ ಎತ್ತಿ ಹಾಕಲಿ ಎಂದು ತಾಸುಗಟ್ಟಲೆ ನಿಲ್ಲಬೇಕಾಯಿತು. ಬೆಳಗಾವಿ ಜಿಲ್ಲೆ ಆಗ ಸೇರಿದ್ದ ಮುಂಬೈ ಪ್ರಾಂತದ ಶಾಸನಸಭೆ 1923ರಲ್ಲಿ ಬೋಲೆಯವರ ಗೊತ್ತುವಳಿಯ ಮೂಲಕ ಸಾರ್ವಜನಿಕ ಕೆರೆ, ಬಾವಿಗಳನ್ನು ಎಲ್ಲರಿಗೂ ತೆರೆಯಬೇಕೆಂದಿತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲದ ಕೊಡಗಳನ್ನು ಸುರಿದು ಆ ಕೆರೆಯನ್ನು ‘ಶುದ್ಧಿ’ ಮಾಡಿದರು. ಕುಡಿಯುವ ನೀರಿಗೆ ಸಗಣಿ ಬೆರೆಸುವುದೇ ಶುದ್ಧಿಯಾದರೆ, ಆ ಶುದ್ಧಿಗೂ ಆರೋಗ್ಯಕ್ಕೂ ಯಾವ ಸಂಬಂಧವೂ ಇರಲಿಲ್ಲವೆಂದೇ ಅರ್ಥ. ಆದ್ದರಿಂದ ಹಳೆಯ ಕಾವಲನ್ನು ಇಡಿಯಾಗಿ ಮರಳಿ ತರಬೇಕೆನ್ನುವ ಮಾತನ್ನು ಒಪ್ಪಲಾಗದು. ಹೊಲಸು ನೀರಿಗೆ ಇಳಿಯದಂತೆ ಕಾಯಬೇಕು. ನೀರಿಗೆ ಬರುವವರನ್ನು ತಡೆದದ್ದು ಅನ್ಯಾಯ, ಅದರಿಂದ ನೀರೂ ಶುದ್ಧವಾಗಲಿಲ್ಲ.

ಈಗ ನವಿಲುತೀರ್ಥದ ಜಲಾಶಯವಿದೆ, ಮನೆಮುಂದೆ ನಲ್ಲಿಯಿದೆ, ಊರಿಗೊಂದು ಶುದ್ಧ ಕುಡಿಯುವ ನೀರಿನ ಘಟಕವಿದೆ. ಹಳೆಯ ಚರಿತ್ರೆ ಏಕೆ ಎನ್ನಬಹುದು. 2022ರ ಅಕ್ಟೋಬರಿನಲ್ಲಿ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಘಟಕದ ಆರ್‌ಒ ಯಂತ್ರ ಸವಳನ್ನೂ ಫ್ಲೋರೈಡನ್ನೂ ತೆಗೆಯುತ್ತದೆ. ಅರಿವೆಗಾಗಲಿ ಕುದಿಸುವುದಕ್ಕಾಗಲಿ ಅದು ಆಗದ ಕೆಲಸ. ಕುದಿಸಿದರೆ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಎರಿ ಸೀಮೆಗೆ ಯಂತ್ರ ಬೇಕಾದದ್ದೇ. ಆದರೆ ಅದು ನೀರಿನಲ್ಲಿದ್ದ ಕ್ಲೋರಿನ್ನನ್ನೂ ತೆಗೆದುಬಿಡುತ್ತದೆ. ಕ್ಯಾನು ತೊಳೆಯದಿದ್ದರೆ, ಅದರೊಳಗೆ ಕೈಯಿಟ್ಟು ಲೋಟ ಮುಳುಗಿಸಿದರೆ, ಆ ನೀರಿಗೆ ಯಾವ ರಕ್ಷಣೆಯೂ ಉಳಿದಿರುವುದಿಲ್ಲ. ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಅದು ಊರಿನ ಕಟ್ಟಕಡೆಯ ಮನೆಯ ನಲ್ಲಿಯಲ್ಲೂ ಇದೆಯೇ, ಗಟಾರದ ಪಕ್ಕದಲ್ಲಿ ಹಾದ ಪೈಪು ಎಲ್ಲಿ ಒಡೆದಿದೆ, ಟ್ಯಾಂಕು ತೊಳೆದು ಎಷ್ಟು ದಿನವಾಯಿತು ಎಂದು ನೋಡುವುದು ಅಡುಗೆಮನೆಯಲ್ಲಿ ಆಗುವ ಕೆಲಸವಲ್ಲ. ಪರೀಕ್ಷಿಸುವ ಕಿಟ್ಟುಗಳನ್ನು ಪಂಚಾಯ್ತಿಗಳಿಗೆ ಕೊಡಲಾಗಿದೆ. ಅವನ್ನು ಕಪಾಟಿನಿಂದ ತೆಗೆದು ವಾರಕ್ಕೊಮ್ಮೆ ಕೊನೆಯ ನಲ್ಲಿಯ ನೀರು ನೋಡಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ ಎಂದು ಕೇಳುವ ಹಕ್ಕು ನೀರು ಕುಡಿಯುವ ಪ್ರತಿಯೊಬ್ಬರಿಗೂ ಇದೆ.